ನಗಾರಖಾನೆಯ ಆರು ಗ್ಯಾಲರಿ: ಮ್ಯೂಸಿಯಂ ಪ್ರದರ್ಶನ ಹೇಗೆ ಸಿದ್ಧವಾಗುತ್ತದೆ, ಅದನ್ನು ನೋಡುವುದು ಹೇಗೆ?

ಅಕ್ಟೋಬರ್ ಬಂತೆಂದರೆ ನಮ್ಮ ಕಡೆ ಒಂದರ ಹಿಂದೆ ಒಂದು ಕಾರ್ಯಕ್ರಮ. ಅಕ್ಟೋಬರ್ 23ರ ಆಸುಪಾಸಿನಲ್ಲಿ ಕಿತ್ತೂರು ಉತ್ಸವ. ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ಸಂಕ್ರಾಂತಿ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ. ನಡುನಡುವೆ ಶಾಲಾ ಪ್ರವಾಸದ ಬಸ್ಸುಗಳು. ಬಿಸಿಲು ಇಳಿದಿರುವ ಈ ನಾಲ್ಕು ತಿಂಗಳು ಮ್ಯೂಸಿಯಂಗಳಿಗೂ ಸುಗ್ಗಿ. ನಾಣ್ಯ ಪ್ರದರ್ಶನ, ಶಾಸನ ಪ್ರದರ್ಶನ, ಹಳೆಯ ಫೋಟೋ ಪ್ರದರ್ಶನ, ಚಿತ್ರಕಲಾ ಪ್ರದರ್ಶನ ಅಂತ ಆಮಂತ್ರಣಗಳು ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ಶಾಲೆಯಲ್ಲಿ ಮಕ್ಕಳಿಗೆ "ನೋಡಿ ಬಂದು ಒಂದು ಪುಟ ಬರೆಯಿರಿ" ಎಂದು ಹೇಳಿರುತ್ತಾರೆ. ಅಪ್ಪ ಅಮ್ಮ ಕರೆದುಕೊಂಡು ಹೋಗುತ್ತಾರೆ. ಹತ್ತು ನಿಮಿಷದಲ್ಲಿ ಎಲ್ಲರೂ ಹೊರಗೆ.

"ಅಲ್ಲೇನೈತ್ರೀ ನೋಡೂದು, ಬರೇ ಕಲ್ಲು" ಎನ್ನುವ ಮಾತನ್ನು ಗೋಳಗುಮ್ಮಟದ ಆವರಣದಲ್ಲಿ ಬೇಕಾದಷ್ಟು ಸಲ ಕೇಳಬಹುದು. ಹಾಗೆ ಅನ್ನುವವರ ತಪ್ಪೇನೂ ಇಲ್ಲ. ಎಲ್ಲಿಂದಲೋ ತಂದಿಟ್ಟ ವಸ್ತು, ಕೆಳಗೆ ಎರಡು ಸಾಲಿನ ಚೀಟಿ. ಇಷ್ಟರಿಂದ ಯಾರಿಗೆ ತಾನೇ ಏನು ಅರ್ಥವಾದೀತು? ಆ ವಸ್ತು ಎಲ್ಲಿತ್ತು, ಇಲ್ಲಿಗೆ ಹೇಗೆ ಬಂತು, ಈಗಲೇ ಏಕೆ ಹೊರಗೆ ಬಂದಿದೆ ಎಂಬುದು ಗೊತ್ತಾದರೆ ನೋಡುವ ರೀತಿ ಬೇರೆಯಾಗುತ್ತದೆ. ಈ ಬರಹ ಅದಕ್ಕಾಗಿ.

ನಗಾರಖಾನೆ ಮ್ಯೂಸಿಯಂ ಆದದ್ದು

ಗೋಳಗುಮ್ಮಟಕ್ಕೆ ಹೋಗುವಾಗ ಗುಮ್ಮಟಕ್ಕಿಂತ ಮೊದಲು ಎದುರಾಗುವ ದೊಡ್ಡ ಕಮಾನಿನ ಕಟ್ಟಡ ಇದೆಯಲ್ಲ, ಅದೇ ನಗಾರಖಾನೆ. ಆದಿಲಶಾಹಿ ಕಾಲದಲ್ಲಿ ನಗಾರಿ ಬಾರಿಸುವವರಿಗಾಗಿ ಕಟ್ಟಿದ್ದು. 1892ರಲ್ಲಿ ಬ್ರಿಟಿಷರು ಇಲ್ಲಿ ಜಿಲ್ಲಾ ಮ್ಯೂಸಿಯಂ ಶುರು ಮಾಡಿದರು. 1982ರಲ್ಲಿ ಅದು ಭಾರತೀಯ ಪುರಾತತ್ವ ಸರ್ವೇಕ್ಷಣದ ಕೈಗೆ ಬಂತು. ಕೆಳಗೆ ಮೂರು, ಮೇಲೆ ಮೂರು, ಒಟ್ಟು ಆರು ಗ್ಯಾಲರಿ. ಜೈನ ಮತ್ತು ವೈದಿಕ ಶಿಲ್ಪಗಳು, ವೀರಗಲ್ಲುಗಳು, ಕನ್ನಡ, ಸಂಸ್ಕೃತ, ಅರಬ್ಬಿ, ಪಾರಸಿ ಶಾಸನಗಳು, ನಾಣ್ಯ, ಚೀನಾದ ಪಿಂಗಾಣಿ, ರತ್ನಗಂಬಳಿ, ಬಿದರಿ ಸಾಮಾನು, ಕಿರುಚಿತ್ರಗಳು (ಸಣ್ಣ ಅಳತೆಯ ಬಣ್ಣದ ಚಿತ್ರಗಳು), ಕೈಬರಹದ ಪುಸ್ತಕಗಳು, ಫರ್ಮಾನು ಮತ್ತು ಸನದುಗಳು ಇಲ್ಲಿವೆ. ಫರ್ಮಾನು ಎಂದರೆ ಬಾದಶಹನ ಮೊಹರು ಇರುವ ಲಿಖಿತ ಆಜ್ಞೆ. ಸನದು ಎಂದರೆ ಭೂಮಿಯನ್ನೋ ಹಕ್ಕನ್ನೋ ಕೊಟ್ಟಿದ್ದಕ್ಕೆ ದಾಖಲೆ ಪತ್ರ.

ಇಂಥದ್ದನ್ನು ಇಲಾಖೆಯವರು ಸೈಟ್ ಮ್ಯೂಸಿಯಂ ಎನ್ನುತ್ತಾರೆ. ಸ್ಮಾರಕದ ಪಕ್ಕದಲ್ಲೇ ಇದ್ದು, ಆ ಸ್ಮಾರಕದ ಮತ್ತು ಸುತ್ತಲಿನ ಊರುಗಳ ಬಿಡಿ ವಸ್ತುಗಳನ್ನು ಕಾಯುವ ಮ್ಯೂಸಿಯಂ ಅಂತ ಅರ್ಥ. ದೇಶದಲ್ಲಿ ಇಂಥವು ಐವತ್ತರ ಮೇಲಿವೆ. ನಮ್ಮ ಭಾಗದಲ್ಲೇ ಇನ್ನೆರಡು ಉಂಟು: ಬಾದಾಮಿಯಲ್ಲಿ ಅಗಸ್ತ್ಯ ತೀರ್ಥದ ಬದಿಯ ಬೆಟ್ಟದ ಬುಡದಲ್ಲಿ ಒಂದು, ಐಹೊಳೆಯ ದುರ್ಗಾ ಗುಡಿಯ ಆವರಣದಲ್ಲಿ ಇನ್ನೊಂದು. ಎರಡೂ ಮೊದಲು ಶಿಲ್ಪಗಳನ್ನು ಜೋಡಿಸಿಟ್ಟ ಶೆಡ್ಡುಗಳಾಗಿದ್ದವು, ಆಮೇಲೆ ಮ್ಯೂಸಿಯಂ ಆದವು. ಕಿತ್ತೂರಿನ ಕೋಟೆ ಆವರಣದ ಮ್ಯೂಸಿಯಂ ಮಾತ್ರ ರಾಜ್ಯ ಸರ್ಕಾರದ್ದು.

ದೆಹಲಿ, ಮುಂಬೈಗಳ ದೊಡ್ಡ ಮ್ಯೂಸಿಯಂಗಳಿಗೂ ಇವಕ್ಕೂ ಮುಖ್ಯ ವ್ಯತ್ಯಾಸ ಜಾಗದ್ದು. ದೊಡ್ಡ ಮ್ಯೂಸಿಯಂನಲ್ಲಿ ಒಂದು ಚಾಲುಕ್ಯ ಶಿಲ್ಪದ ಪಕ್ಕ ಗಾಂಧಾರದ ಬುದ್ಧ ಇರಬಹುದು. ಬಾದಾಮಿಯಲ್ಲಿ ಹಾಗಿಲ್ಲ. ಶಿಲ್ಪ ನೋಡಿ ಹೊರಗೆ ಬಂದರೆ, ಅದೇ ಕೆಂಪು ಮರಳುಗಲ್ಲಿನ ಬೆಟ್ಟ ಎದುರಿಗೇ ನಿಂತಿರುತ್ತದೆ.

ಹೊಲದಿಂದ ಗ್ಯಾಲರಿಗೆ

ವಸ್ತುಗಳು ಮ್ಯೂಸಿಯಂಗೆ ಬರುವ ದಾರಿ ಹಲವು. ಪುರಾತತ್ವದವರು ಅಗೆದಾಗ ಸಿಕ್ಕವು ಕೆಲವು. ಬಾವಿ ತೋಡುವಾಗ, ಪಾಯ ತೆಗೆಯುವಾಗ, ಹೊಲ ಉಳುವಾಗ ಆಕಸ್ಮಿಕವಾಗಿ ಸಿಕ್ಕವು ಇನ್ನು ಕೆಲವು. ಯಾರೋ ಮನೆತನದವರು ಕೊಟ್ಟದ್ದು, ಬೇರೆ ಕಚೇರಿಯಿಂದ ವರ್ಗವಾಗಿ ಬಂದದ್ದು, ಗುಡಿ ಬಿದ್ದಾಗ ಕಾಪಾಡಿ ತಂದದ್ದೂ ಇರುತ್ತವೆ.

ಇಲ್ಲಿ ಕಾನೂನಿನ ಎರಡು ಮಾತು ಗೊತ್ತಿರಬೇಕು. ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಅದನ್ನು ಸರ್ಕಾರಕ್ಕೆ ತಿಳಿಸಬೇಕು. ಸುಮ್ನೆ ಮನೆಗೆ ಒಯ್ಯುವಂತಿಲ್ಲ, ಅಕ್ಕಸಾಲಿಗನಿಗೆ ಕೊಡುವಂತೆಯೂ ಇಲ್ಲ. ಇನ್ನೊಂದು 1972ರ ಪುರಾವಸ್ತು ಕಾಯ್ದೆ. ಇದರ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ನಾಣ್ಯ, ಚಿತ್ರದಂಥ ವಸ್ತು ಪುರಾವಸ್ತು. ಹಳೆಯ ಕೈಬರಹದ ಪುಸ್ತಕಕ್ಕೆ 75 ವರ್ಷ ಆದರೂ ಸಾಕು. ಅದನ್ನು ಖಾಸಗಿಯವರು ದೇಶದ ಹೊರಗೆ ಮಾರುವಂತಿಲ್ಲ, ಒಯ್ಯುವಂತಿಲ್ಲ.

ಮ್ಯೂಸಿಯಂ ಸೇರಿದ ವಸ್ತುವಿಗೆ ಮೊದಲು ಆಗುವ ಕೆಲಸ ನಂಬರ್ ಹಾಕುವುದು. ಆ ನಂಬರ್ ದೊಡ್ಡ ರಿಜಿಸ್ಟರ್‌ನಲ್ಲಿ ಏರುತ್ತದೆ. ಏನು ವಸ್ತು, ಯಾವುದರಿಂದ ಮಾಡಿದ್ದು, ಅಳತೆ ಎಷ್ಟು, ಯಾವ ಊರಲ್ಲಿ ಸಿಕ್ಕಿತು, ಯಾರಿಂದ ಬಂತು, ಎಲ್ಲಿ ಒಡೆದಿದೆ ಎಂಬುದೆಲ್ಲ ಅಲ್ಲಿರುತ್ತದೆ. ಶಿಲ್ಪದ ಹಿಂಭಾಗವನ್ನೋ ತಳವನ್ನೋ ಗಮನಿಸಿದರೆ ಸಣ್ಣಕ್ಕೆ ಬರೆದ ಅಂಕಿ ಕೆಲವೊಮ್ಮೆ ಕಾಣಿಸುತ್ತದೆ.

ಈ ದಾಖಲೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸಾಲು "ಸಿಕ್ಕ ಜಾಗ". ಯಾಕೆ ಅಂತೀರಾ? ಒಂದು ನಾಣ್ಯವನ್ನೇ ತೆಗೆದುಕೊಳ್ಳಿ. ಅದು ಯಾವ ದೊರೆಯದು, ಯಾವ ಲೋಹದ್ದು ಎಂಬುದನ್ನು ನಾಣ್ಯವೇ ಹೇಳುತ್ತದೆ. ಆದರೆ ಆ ದೊರೆಯ ನಾಣ್ಯ ಎಷ್ಟು ದೂರದ ಸಂತೆಯವರೆಗೆ ನಡೆಯುತ್ತಿತ್ತು ಎಂದು ಹೇಳುವುದು ಅದು ಸಿಕ್ಕ ಹೊಲ. ಯಾರೋ ಅದನ್ನು ಕದ್ದು ಮಾರಿ, ಹತ್ತು ಕೈ ದಾಟಿ, ಆಮೇಲೆ ಅದು ಮ್ಯೂಸಿಯಂಗೆ ಬಂದರೆ ನಾಣ್ಯ ಉಳಿಯುತ್ತದೆ, ಆ ಸುದ್ದಿ ಉಳಿಯುವುದಿಲ್ಲ. ಅದಕ್ಕೇ ಹಳೆಯ ವಸ್ತು ಕಂಡರೆ ಮುಟ್ಟಬೇಡಿ, ಎತ್ತಬೇಡಿ, ತಿಳಿಸಿ ಎಂದು ಪುರಾತತ್ವದವರು ಬೇಡಿಕೊಳ್ಳುವುದು.

ಖಾಯಂ ಗ್ಯಾಲರಿ ಬೇರೆ, ವಿಶೇಷ ಪ್ರದರ್ಶನ ಬೇರೆ

ಮ್ಯೂಸಿಯಂನಲ್ಲಿ ಇರುವುದೆಲ್ಲ ನಮಗೆ ಕಾಣುವುದಿಲ್ಲ. ಸಾಮಾನ್ಯವಾಗಿ ಎಲ್ಲ ಮ್ಯೂಸಿಯಂಗಳಲ್ಲೂ ಒಂದು ಪಾಲು ವಸ್ತು ಗ್ಯಾಲರಿಯಲ್ಲಿ, ಉಳಿದದ್ದು ಒಳಗಿನ ಉಗ್ರಾಣದಲ್ಲಿ. ಕಲ್ಲಿನ ಶಿಲ್ಪ, ತೋಪು, ಶಾಸನದಂಥವು ವರ್ಷಗಟ್ಟಲೆ ಒಂದೇ ಕಡೆ ನಿಲ್ಲುತ್ತವೆ. ಅದು ಖಾಯಂ ಗ್ಯಾಲರಿ. ಒಂದು ವಿಷಯ ಹಿಡಿದು, ಅದಕ್ಕೆ ಹೊಂದುವ ವಸ್ತುಗಳನ್ನು ಆರಿಸಿ, ಕೆಲವು ದಿನವೋ ತಿಂಗಳೋ ಮಾತ್ರ ಇಡುವುದು ವಿಶೇಷ ಪ್ರದರ್ಶನ. ಹಾಗೆ ಆರಿಸಿ ಜೋಡಿಸುವ ಜವಾಬ್ದಾರಿ ಹೊತ್ತವರಿಗೆ ಕ್ಯುರೇಟರ್ ಎನ್ನುತ್ತಾರೆ.

"ಎಲ್ಲವನ್ನೂ ಯಾವಾಗಲೂ ಇಟ್ಟರೆ ಏನು ಕಷ್ಟ?" ಎಂದು ಮಕ್ಕಳು ಕೇಳುತ್ತಾರೆ. ಜಾಗದ ಕೊರತೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೆಳಕು.

ಮನೆಯಲ್ಲಿರುವ ಒಳ್ಳೆಯ ಇಳಕಲ್ ಸೀರೆಯನ್ನು ಯಾರೂ ಕಿಟಕಿ ಪಕ್ಕ ತೂಗುಹಾಕಿ ಇಡುವುದಿಲ್ಲ, ಅಲ್ವಾ? ಟ್ರಂಕಿನಲ್ಲಿ ಮಡಚಿಟ್ಟು, ಮದುವೆಗೋ ಹಬ್ಬಕ್ಕೋ ತೆಗೆದು, ಉಟ್ಟು, ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಮತ್ತೆ ಒಳಗಿಡುತ್ತಾರೆ. ಮ್ಯೂಸಿಯಂ ತನ್ನ ಕಾಗದ, ಬಟ್ಟೆ ಮತ್ತು ಚಿತ್ರಗಳ ವಿಷಯದಲ್ಲಿ ಮಾಡುವುದೂ ಅದನ್ನೇ. ಬೆಳಕು ಬಿದ್ದಷ್ಟೂ ಬಣ್ಣ ಮಾಸುತ್ತದೆ. ಹೀಗೆ ಮಾಸಿದ್ದು ವಾಪಸ್ ಬರುವುದಿಲ್ಲ. ಇವತ್ತು ಬಿದ್ದ ಬೆಳಕಿನ ಪೆಟ್ಟು ನಿನ್ನೆಯದಕ್ಕೆ ಕೂಡಿಕೊಳ್ಳುತ್ತದೆ.

ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎನ್ನುತ್ತಾರೆ. ಕಿರುಚಿತ್ರ, ಕೈಬರಹ, ರೇಷ್ಮೆಯಂಥ ನಾಜೂಕು ವಸ್ತುಗಳಿಗೆ 50 ಲಕ್ಸ್ ಮೀರಬಾರದು ಎಂಬುದು ಮ್ಯೂಸಿಯಂಗಳು ಪಾಲಿಸುವ ಲೆಕ್ಕ. ಅಂದರೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುವಷ್ಟು ಮಂದ ಬೆಳಕು. ದಿನಕ್ಕೆ 8 ಗಂಟೆಯಂತೆ 90 ದಿನ ಒಂದು ಚಿತ್ರವನ್ನು 50 ಲಕ್ಸ್‌ನಲ್ಲಿ ಇಟ್ಟರೆ ಅದರ ಮೇಲೆ ಬೀಳುವ ಒಟ್ಟು ಬೆಳಕು 36,000 ಲಕ್ಸ್-ಗಂಟೆ. ಇನ್ನು ನಮ್ಮ ಬೇಸಿಗೆಯ ನಡುಮಧ್ಯಾಹ್ನದ ನೇರ ಬಿಸಿಲು ಸುಮಾರು 1,00,000 ಲಕ್ಸ್ ಮುಟ್ಟುತ್ತದೆ. ಮೂರು ತಿಂಗಳ ಪ್ರದರ್ಶನದಲ್ಲಿ ಬೀಳುವ ಬೆಳಕು ಅಲ್ಲಿ ಬರೀ 22 ನಿಮಿಷದಲ್ಲಿ ಬಿದ್ದುಬಿಡುತ್ತದೆ. ಗ್ಯಾಲರಿಯಲ್ಲಿ ಕಿಟಕಿ ಮುಚ್ಚಿ ಕತ್ತಲೆ ಮಾಡಿದ್ದಾರೆ ಎಂದು ಗೊಣಗುವ ಮುನ್ನ ಈ ಲೆಕ್ಕ ನೆನಪಿರಲಿ.

ಎಲ್ಲ ಬಣ್ಣವೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಹಳೆಯ ಕಿರುಚಿತ್ರಗಳಲ್ಲಿ ಕಲ್ಲು ಅರೆದು ಮಾಡಿದ ನೀಲಿ, ಚಿನ್ನದ ಪುಡಿಯ ಬಣ್ಣ ಗಟ್ಟಿ. ಗಿಡ, ಕೀಟಗಳಿಂದ ತೆಗೆದ ಬಣ್ಣ ಬೇಗ ಸೋಲುತ್ತದೆ. ಹಾಗಾಗಿ ಹಳೆಯ ಚಿತ್ರದಲ್ಲಿ ಆಕಾಶ ಹೊಳೆಯುತ್ತಿದ್ದು ಮೇಲಂಗಿ ಮಾತ್ರ ಪೇಲವವಾಗಿ ಕಂಡರೆ, ಚಿತ್ರಕಾರ ಹಾಗೇ ಬರೆದಿದ್ದ ಎಂದುಕೊಳ್ಳಬೇಕಾಗಿಲ್ಲ.

ಇನ್ನೊಂದು ಶತ್ರು ಗಾಳಿಯಲ್ಲಿರುವ ತೇವ. ಒಣಹವೆ ಜಾಸ್ತಿಯಾದರೆ ಮರ ಬಿರುಕು ಬಿಡುತ್ತದೆ, ಕಾಗದ ಹಪ್ಪಳವಾಗುತ್ತದೆ. ಮಳೆಗಾಲದಲ್ಲಿ ತೇವ 65 ಪ್ರತಿಶತ ದಾಟಿ ಹಾಗೇ ನಿಂತರೆ ಬೂಸು ಹಿಡಿಯುವ ಭಯ. ವಿಜಯಪುರದಂಥ ಊರಿನಲ್ಲಿ ಏಪ್ರಿಲ್‌ನಿಂದ ಆಗಸ್ಟ್‌ಗೆ ಬರುವಷ್ಟರಲ್ಲಿ ಈ ಎರಡೂ ಆಗಬಹುದು. ಕಲ್ಲಿಗೂ ತಾಪತ್ರಯ ತಪ್ಪಿದ್ದಲ್ಲ. ಮರಳುಗಲ್ಲು ನೀರು ಹೀರುತ್ತದೆ. ನೀರಿನ ಜೊತೆ ಉಪ್ಪು ಒಳಗೆ ಹೋಗುತ್ತದೆ. ನೀರು ಆರಿದಾಗ ಉಪ್ಪು ಹರಳುಗಟ್ಟಿ ಕಲ್ಲಿನ ಮೇಲ್ಪದರವನ್ನು ಒಳಗಿನಿಂದ ನೂಕುತ್ತದೆ. ಶಿಲ್ಪದ ಮೂಗು, ಬೆರಳು ಪುಡಿಯಾಗಿ ಉದುರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ನಾವು ಮಾತ್ರ ಎಲ್ಲದಕ್ಕೂ ದಾಳಿಕೋರರನ್ನೇ ಹೊಣೆ ಮಾಡುತ್ತೇವೆ.

ಊರು ಒಂದು, ವಸ್ತು ಹತ್ತು ಕಡೆ

ವಿಜಯಪುರದ ಕಲೆಯ ಬಗ್ಗೆ ಪ್ರದರ್ಶನ ಮಾಡಬೇಕು ಎಂದು ಯಾರಾದರೂ ಹೊರಟರೆ ಮೊದಲು ಎದುರಾಗುವ ತೊಡಕು ಇದು: ವಿಜಯಪುರದ ಎಷ್ಟೋ ಒಳ್ಳೆಯ ವಸ್ತುಗಳು ವಿಜಯಪುರದಲ್ಲಿಲ್ಲ.

1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲಶಾಹನ ಕಾಲವನ್ನೇ ನೋಡಿ. ಸಂಗೀತದ ಹುಚ್ಚಿನ ಬಾದಶಹ. ದಖನಿ ಭಾಷೆಯಲ್ಲಿ ಹಾಡು ಕಟ್ಟಿ, ಅದರಲ್ಲಿ ಸರಸ್ವತಿಯನ್ನು ಹೊಗಳಿದವನು. ಜನ ಜಗದ್ಗುರು ಎಂದು ಕರೆದದ್ದು ಅವನನ್ನೇ. ಅವನ ಆಸ್ಥಾನದಲ್ಲಿ ಫಾರುಖ್ ಬೇಗ್‌ನಂಥ ಚಿತ್ರಕಾರರಿದ್ದರು. ಇಬ್ರಾಹಿಂ ತಂಬೂರ ನುಡಿಸುತ್ತಿರುವ ಒಂದು ಹೆಸರಾಂತ ಚಿತ್ರ ಈಗ ಇರುವುದು ಯುರೋಪಿನ ಪ್ರಾಗ್ ನಗರದ ಮ್ಯೂಸಿಯಂನಲ್ಲಿ. ಅವನಿಗಿಂತ ಹಿಂದಿನ ದೊರೆ ಮೊದಲನೇ ಅಲಿಯ ಕಾಲದಲ್ಲಿ, 1570ರಲ್ಲಿ ಸಿದ್ಧವಾದ 'ನುಜೂಮ್ ಅಲ್ ಉಲೂಮ್' ಎಂಬ ಚಿತ್ರಗಳ ಪುಸ್ತಕ ಐರ್ಲೆಂಡಿನ ಡಬ್ಲಿನ್‌ನಲ್ಲಿದೆ. ನಕ್ಷತ್ರ, ದೇವತೆ, ಆಯುಧ, ಆನೆ ಕುದುರೆಗಳ ವಿದ್ಯೆಯೆಲ್ಲ ಅದರಲ್ಲಿದೆ.

ವಿಜಯಪುರದ ಅಸರ್ ಮಹಲಿನ ಕಥೆ ಇನ್ನೂ ನೇರ. ಅಲ್ಲಿ ಆದಿಲಶಾಹಿಗಳ ಗ್ರಂಥಭಂಡಾರದ ಉಳಿದ ಪುಸ್ತಕಗಳಿದ್ದವು. 1853ರಲ್ಲಿ ಅವುಗಳಲ್ಲಿ ನೂರಾರನ್ನು ಲಂಡನ್ನಿಗೆ ಸಾಗಿಸಿದರು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿ 'ಬಿಜಾಪುರ ಸಂಗ್ರಹ' ಎಂಬ ಹೆಸರಿನಲ್ಲೇ ಇವೆ.

ಅದರ ಮರುವರ್ಷ, 1854ರಲ್ಲಿ, ಮಲಿಕ್-ಎ-ಮೈದಾನ್ ತೋಪನ್ನು ಹರಾಜಿಗೆ ಇಟ್ಟರು. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ತೋಪು. ಬಂದ ಅತಿ ಹೆಚ್ಚಿನ ಕೂಗು 150 ರೂಪಾಯಿ! ಕೊನೆಗೆ ಮಾರಾಟ ರದ್ದಾಯಿತು. ಹಗುರಾದ ಪುಸ್ತಕ ಸಮುದ್ರ ದಾಟಿತು, ಭಾರದ ತೋಪು ಷೇರ್ಜಾ ಬುರುಜಿನ ಮೇಲೆ ಉಳಿಯಿತು. ಆ ತೋಪನ್ನು ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ ಎಂದು ತೋಪಿನ ಮೇಲೇ ಬರೆದಿದೆ. ಲೇಬಲ್ ಬೇಕಾಗಿಯೇ ಇಲ್ಲ.

ಮುಂಬೈಗೂ ಬಹಳಷ್ಟು ಹೋಗಿದೆ. 1956ರವರೆಗೆ ನಮ್ಮ ಭಾಗ ಮುಂಬೈ ಆಡಳಿತದಲ್ಲಿ ಇತ್ತು. ಹಾಗಾಗಿ ಒಳ್ಳೆಯ ಶಿಲ್ಪ ಸಿಕ್ಕರೆ ರಾಜಧಾನಿಯ ಮ್ಯೂಸಿಯಂಗೆ ಕಳಿಸುವುದು ಆಗ ಸಹಜ. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಚಾವಣಿಯಲ್ಲಿದ್ದ ದೇವತೆಗಳ ದೊಡ್ಡ ಫಲಕಗಳು ಇವತ್ತು ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿವೆ. ತಲೆ ಎತ್ತಿ ನೋಡಬೇಕಾಗಿದ್ದ ಕೆತ್ತನೆಯನ್ನು ಅಲ್ಲಿ ಎದುರಿಗೆ ನಿಂತು ನೋಡಬಹುದು. ಕಣ್ಣಿಗೆ ಅನುಕೂಲ ನಿಜ, ಆದರೆ ಶಿಲ್ಪಿ ಅದನ್ನು ಕೆತ್ತಿದ್ದು ಕೆಳಗಿನಿಂದ ನೋಡುವವರಿಗಾಗಿ.

ಹೀಗೆ ಚದುರಿದ್ದನ್ನು ತಾತ್ಕಾಲಿಕವಾಗಿ ಒಂದೆಡೆ ಸೇರಿಸುವುದೇ ದೊಡ್ಡ ಪ್ರದರ್ಶನಗಳ ಕೆಲಸ. 2015ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ದಖನ್ನಿನ ಸುಲ್ತಾನರ ಕಲೆಯ ಬಗ್ಗೆ ಅಂಥ ಪ್ರದರ್ಶನ ಮಾಡಿತ್ತು. ಬಿಜಾಪುರ, ಗೋಲ್ಕೊಂಡ, ಬೀದರ, ಅಹ್ಮದನಗರಗಳ ವಸ್ತುಗಳನ್ನು ಬೇರೆ ಬೇರೆ ಸಂಗ್ರಹಗಳಿಂದ ಎರವಲು ತಂದಿದ್ದರು.

ಎರವಲು ಸುಲಭವಲ್ಲ. ಕೊಡುವವರು, ಪಡೆಯುವವರ ನಡುವೆ ಕರಾರು ಆಗಬೇಕು. ವಿಮೆ ಮಾಡಿಸಬೇಕು. ಹೊರಡುವ ಮುನ್ನ ವಸ್ತುವಿನ ಪ್ರತಿಯೊಂದು ಗೀರನ್ನೂ ಫೋಟೋ ಸಮೇತ ಬರೆದಿಡಬೇಕು. ತಲುಪಿದಾಗ ಅದೇ ಪಟ್ಟಿ ಹಿಡಿದು ಮತ್ತೆ ಪರೀಕ್ಷೆ. ನಮ್ಮ ದೇಶದ ಪುರಾವಸ್ತು ಹೊರಗೆ ಹೋಗಬೇಕಾದರೆ ಕೇಂದ್ರ ಸರ್ಕಾರದ ಅನುಮತಿ ಬೇರೆ. ಇಷ್ಟೆಲ್ಲ ಖರ್ಚು ಸಣ್ಣ ಮ್ಯೂಸಿಯಂಗಳಿಗೆ ಆಗದ ಮಾತು. ಅದಕ್ಕೇ ಜಿಲ್ಲೆಯ ಮಟ್ಟದಲ್ಲಿ ಫೋಟೋ ಪ್ರದರ್ಶನ, ಪ್ರತಿಕೃತಿ ಪ್ರದರ್ಶನಗಳೇ ಜಾಸ್ತಿ. ಪ್ರತಿಕೃತಿ ಎಂದರೆ ಅಚ್ಚು ತೆಗೆದು ಪ್ಲಾಸ್ಟರ್ ಅಥವಾ ಫೈಬರ್‌ನಲ್ಲಿ ಮಾಡಿದ ನಕಲು. ನಕಲು ಎಂದು ಮೂಗು ಮುರಿಯಬೇಕಿಲ್ಲ. ಲೇಬಲ್‌ನಲ್ಲಿ ಅದು ಪ್ರತಿಕೃತಿ ಎಂದು ಬರೆದಿದ್ದರೆ ಸಾಕು.

ವೀರಗಲ್ಲನ್ನು ಕೆಳಗಿನಿಂದ ಓದಿ

ಗ್ಯಾಲರಿಯಲ್ಲಿ ಜನ ಅತಿ ಬೇಗ ದಾಟಿ ಹೋಗುವುದು ವೀರಗಲ್ಲುಗಳನ್ನು. ನಮ್ಮ ಊರುಗಳಲ್ಲಿ ಹನುಮಪ್ಪನ ಗುಡಿ ಪಕ್ಕ, ಕೆರೆ ಏರಿ ಮೇಲೆ ಅವು ಎಲ್ಲೆಲ್ಲೂ ಇರುವುದರಿಂದ ಹೊಸದೇನಿದೆ ಎನ್ನಿಸುತ್ತದೆ. ನಿಂತು ನೋಡಿದರೆ ಒಂದೊಂದೂ ಒಂದು ಸುದ್ದಿ.

ಸಾಮಾನ್ಯವಾಗಿ ಮೂರು ಅಂಕಣ ಇರುತ್ತವೆ. ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಕಾಳಗ: ಬಿಲ್ಲು, ಕತ್ತಿ, ಗುರಾಣಿ ಹಿಡಿದ ವೀರ, ಎದುರಾಳಿಗಳು, ಕೆಲವೊಮ್ಮೆ ಕುದುರೆ. ಪಕ್ಕದಲ್ಲಿ ದನಗಳಿದ್ದರೆ ಅದು ತುರುಗೋಳ್, ಅಂದರೆ ಊರ ದನಗಳನ್ನು ಹೊಡೆದುಕೊಂಡು ಹೋಗುವವರ ಜೊತೆ ಆದ ಹೋರಾಟ. ನಡುವಿನ ಅಂಕಣದಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಆತ ಕೈಲಾಸ ಸೇರಿ ಲಿಂಗದ ಮುಂದೆ ಕೂತಿರುತ್ತಾನೆ. ಎಲ್ಲಕ್ಕಿಂತ ಮೇಲೆ ಸೂರ್ಯ ಚಂದ್ರ: ಅವರಿರುವ ತನಕ ಈ ಹೆಸರು ಇರಲಿ ಎಂದು. ಅಂಕಣಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳಿದ್ದರೆ ಹೆಸರು, ಊರು, ಕೆಲವೊಮ್ಮೆ ದಿನವೂ ಗೊತ್ತಾಗುತ್ತದೆ. ಬಳೆ ತೊಟ್ಟ ಎತ್ತಿದ ಕೈ ಕಂಡರೆ ಅದು ಮಾಸ್ತಿಕಲ್ಲು, ಸತಿಯಾದವಳ ನೆನಪಿಗೆ ನಿಲ್ಲಿಸಿದ್ದು.

ಇತಿಹಾಸ ತಿಳಿಯಲು ಇವು ಯಾಕೆ ಮುಖ್ಯ ಎಂದರೆ, ದೊರೆಗಳ ಶಾಸನದಲ್ಲಿ ಇಲ್ಲದ ಜನ ಇಲ್ಲಿದ್ದಾರೆ. ದನ ಕಾಯಲು ಹೋಗಿ ಸತ್ತವನಿಗೂ ಒಂದು ಕಲ್ಲು ಉಂಟು. ಅವನು ಯಾವ ಥರದ ಕತ್ತಿ ಹಿಡಿಯುತ್ತಿದ್ದ, ಕೂದಲು ಹೇಗೆ ಕಟ್ಟುತ್ತಿದ್ದ, ಯಾವ ಬಟ್ಟೆ ಉಡುತ್ತಿದ್ದ ಎಂಬುದು ಈ ಕೆತ್ತನೆಯಲ್ಲೇ ಸಿಗುತ್ತದೆ.

ಊರಲ್ಲಿರುವ ವೀರಗಲ್ಲಿಗೆ ಎಣ್ಣೆ, ಸುಣ್ಣ, ಕುಂಕುಮ ಎಲ್ಲ ಬೀಳುತ್ತದೆ, ಅದು ಇನ್ನೂ ದೇವರು. ಮ್ಯೂಸಿಯಂನಲ್ಲಿ ಅದು ತೊಳೆದು ನಿಲ್ಲಿಸಿದ ಶಿಲ್ಪ. ಬಾದಾಮಿ ಮ್ಯೂಸಿಯಂನ ಲಜ್ಜಾಗೌರಿಯ ವಿಷಯದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ತಲೆಯ ಜಾಗದಲ್ಲಿ ಅರಳಿದ ತಾವರೆ ಇರುವ ಈ ತಾಯಿ ಮೂಲತಃ ನಾಗನಾಥಕೊಳ್ಳದ ಗುಡಿಯಲ್ಲಿದ್ದವಳು. ಮಕ್ಕಳ ಫಲ ಬೇಡುವವರು ಹರಕೆ ಹೊರುವ ದೇವತೆ. ಪ್ರದರ್ಶನದಲ್ಲಿ ಅವಳನ್ನು ಬರೀ "ಚಾಲುಕ್ಯ ಶಿಲ್ಪ" ಎಂದು ಬರೆದರೆ ಅರ್ಧ ಮಾತ್ರ ಹೇಳಿದಂತೆ. ಸಿಕ್ಕ ಜಾಗ, ಪೂಜೆಯ ರೀತಿ ಎರಡನ್ನೂ ಬರೆದ ಲೇಬಲ್ ಒಳ್ಳೆಯ ಲೇಬಲ್.

ಇಸವಿಯ ಲೆಕ್ಕ

ಲೇಬಲ್‌ಗಳಲ್ಲಿ ಮಕ್ಕಳನ್ನು ಗೊಂದಲಕ್ಕೆ ಹಾಕುವುದು ಇಸವಿ. ಕನ್ನಡ, ಸಂಸ್ಕೃತ ಶಾಸನಗಳಲ್ಲಿ ಬಹುತೇಕ ಶಕವರ್ಷ ಇರುತ್ತದೆ. ಅದಕ್ಕೆ 78 ಕೂಡಿಸಿದರೆ ನಮ್ಮ ಇಸವಿ. ಬಾದಾಮಿಯ ಮೂರನೇ ಗುಹೆಯ ಶಾಸನದಲ್ಲಿ ಶಕ 500 ಎಂದಿದೆ, ಅಂದರೆ ಕ್ರಿ.ಶ. 578. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ಬರೆದ ಇಮ್ಮಡಿ ಪುಲಕೇಶಿಯ ಶಾಸನ ಶಕ 556ರದು, ಅಂದರೆ 634.

ಅರಬ್ಬಿ, ಪಾರಸಿ ಶಾಸನಗಳಲ್ಲಿ ಬರುವ ಹಿಜರಿ ವರ್ಷಕ್ಕೆ ಹೀಗೆ ಒಂದೇ ಅಂಕಿ ಕೂಡಿಸಿದರೆ ಆಗುವುದಿಲ್ಲ. ಅದು ಚಂದ್ರನ ಲೆಕ್ಕ. ವರ್ಷಕ್ಕೆ ಸುಮಾರು 354 ದಿನ. ನಮ್ಮ 32 ವರ್ಷಕ್ಕೆ ಅಲ್ಲಿ ಹತ್ತಿರ ಹತ್ತಿರ 33 ಆಗಿರುತ್ತದೆ. ಅಂದಾಜಿಗೆ ಹಿಜರಿ ಅಂಕಿಯನ್ನು 0.97ರಿಂದ ಗುಣಿಸಿ 622 ಕೂಡಿಸಬಹುದು. ಒಂದು ವರ್ಷ ಆಚೀಚೆ ಬರಬಹುದು ಅಷ್ಟೆ.

ಪಾರಸಿ ಶಾಸನದಲ್ಲಿ ಕೆಲವೊಮ್ಮೆ ಅಂಕಿಯೇ ಇರುವುದಿಲ್ಲ, ಇಸವಿ ಅಕ್ಷರಗಳಲ್ಲಿ ಅಡಗಿರುತ್ತದೆ. ಅರಬ್ಬಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಬೆಲೆ ಉಂಟು. ಮುಹಮ್ಮದ್ ಎಂಬ ಹೆಸರನ್ನು ಅಲ್ಲಿ ಮೀಮ್, ಹೇ, ಮೀಮ್, ದಾಲ್ ಎಂದು ನಾಲ್ಕು ಅಕ್ಷರದಲ್ಲಿ ಬರೆಯುತ್ತಾರೆ: 40, 8, 40, 4. ಕೂಡಿದರೆ 92. ಗೋಳಗುಮ್ಮಟದ ದಕ್ಷಿಣ ಬಾಗಿಲ ಮೇಲೆ ಮುಹಮ್ಮದ್ ಆದಿಲಶಾಹನ ಸಾವಿನ ಬಗ್ಗೆ ಮೂರು ವಾಕ್ಯಗಳಿವೆ. ಮೂರರಲ್ಲಿ ಯಾವುದರ ಅಕ್ಷರ ಕೂಡಿದರೂ ಬರುವುದು 1067. ಆ ಹಿಜರಿ ವರ್ಷ ಶುರುವಾದದ್ದು 1656ರಲ್ಲಿ, ಬಾದಶಹ ತೀರಿಕೊಂಡದ್ದೂ ಆಗಲೇ. ಅರ್ಥವೂ ಸರಿ ಇರಬೇಕು, ಲೆಕ್ಕವೂ ಕೂಡಬೇಕು, ಅದೂ ಮೂರು ಸಲ! ಮ್ಯೂಸಿಯಂನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಇಂಥದ್ದು ಇದೆ. ಒಳಗೆ ಕೂಗುವ ಅವಸರದಲ್ಲಿ ಯಾರೂ ತಲೆ ಎತ್ತುವುದಿಲ್ಲ.

ಕಲ್ಲು ಕಾಗದಕ್ಕೆ ಬರುವ ಬಗೆ

ಶಾಸನ ಪ್ರದರ್ಶನ ಎಂದು ಹೋದರೆ ಅಲ್ಲಿ ಕಲ್ಲಿನ ಬದಲು ಕಪ್ಪು ಕಾಗದದ ಮೇಲೆ ಬಿಳಿ ಅಕ್ಷರ ಕಾಣಬಹುದು. ಅದಕ್ಕೆ ಪಡಿಯಚ್ಚು ಎನ್ನುತ್ತಾರೆ. ಮಾಡುವ ರೀತಿ ಹೀಗೆ: ಮೊದಲು ಕಲ್ಲನ್ನು ತೊಳೆಯುತ್ತಾರೆ. ಒದ್ದೆ ಕಾಗದವನ್ನು ಅದರ ಮೇಲೆ ಹರಡಿ ಬ್ರಷ್‌ನಿಂದ ಬಡಿಯುತ್ತಾರೆ. ಕಾಗದ ಅಕ್ಷರದ ಕುಳಿಯೊಳಗೆ ಇಳಿದು ಕೂರುತ್ತದೆ. ಆಮೇಲೆ ಬಟ್ಟೆಯ ಗುಬುಟಿನಿಂದ ಮಸಿ ಒತ್ತುತ್ತಾರೆ. ಉಬ್ಬಿದ ಭಾಗಕ್ಕೆ ಮಸಿ ತಾಗುತ್ತದೆ, ಅಕ್ಷರ ಕುಳಿಯಲ್ಲಿರುವುದರಿಂದ ಬೆಳ್ಳಗೆ ಉಳಿಯುತ್ತದೆ. ಒಣಗಿದ ಮೇಲೆ ಕಾಗದ ಬಿಡಿಸುತ್ತಾರೆ.

ಬಿಸಿಲಲ್ಲಿ ನಿಂತು ಕಲ್ಲಿನ ಮೇಲೆ ಓದಲಾಗದ ಅಕ್ಷರ ಪಡಿಯಚ್ಚಿನಲ್ಲಿ ಎಷ್ಟೋ ಸಲ ಸಲೀಸಾಗಿ ಕಾಣುತ್ತದೆ. ಮಡಚಿ ಒಯ್ಯಬಹುದು, ಗೋಡೆಗೆ ತೂಗುಹಾಕಬಹುದು. ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗದ ಮುಖ್ಯ ಕಚೇರಿ ಇರುವುದು ಮೈಸೂರಿನಲ್ಲಿ. ಅರಬ್ಬಿ, ಪಾರಸಿ ಶಾಸನಗಳ ವಿಭಾಗ ನಾಗಪುರದಲ್ಲಿ. ವಿಜಯಪುರದಂಥ ಊರಿನ ಶಾಸನ ಓದಬೇಕಾದರೆ ಎರಡೂ ಕಡೆಯವರು ಬೇಕಾಗುತ್ತಾರೆ.

ಹೋಗುವವರಿಗೆ

ಪುರಾತತ್ವ ಸರ್ವೇಕ್ಷಣದ ಸೈಟ್ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ಗೋಳಗುಮ್ಮಟ ತೆರೆದೇ ಇರುತ್ತದೆ, ಮ್ಯೂಸಿಯಂ ಬಾಗಿಲು ಮಾತ್ರ ಹಾಕಿರುತ್ತದೆ. ಪ್ರವಾಸದ ದಿನ ಗೊತ್ತು ಮಾಡುವ ಮೇಷ್ಟ್ರುಗಳು ಇದನ್ನು ನೋಡಿಕೊಂಡರೆ ಒಳ್ಳೆಯದು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಏಪ್ರಿಲ್ 18ರ ವಿಶ್ವ ಪರಂಪರೆ ದಿನ, ಮೇ 18ರ ಮ್ಯೂಸಿಯಂ ದಿನದಂಥ ಸಂದರ್ಭಗಳಲ್ಲಿ ದೊಡ್ಡವರಿಗೂ ಪ್ರವೇಶ ಉಚಿತ ಮಾಡುವುದುಂಟು.

ಮಕ್ಕಳ ಜೊತೆ ಹೋದರೆ ಆರೂ ಗ್ಯಾಲರಿ ಮುಗಿಸಲೇಬೇಕು ಎಂಬ ಹಟ ಬೇಡ. ನಾಲ್ಕೈದು ವಸ್ತು ಆರಿಸಿಕೊಳ್ಳಿ. ಪ್ರತಿಯೊಂದರ ಮುಂದೆ ನಿಂತು, ಇದು ಎಲ್ಲಿ ಸಿಕ್ಕಿತು ಎಂದು ಲೇಬಲ್‌ನಲ್ಲಿ ಹುಡುಕಲು ಹೇಳಿ. ಊರ ಹೆಸರು ಇದ್ದರೆ ಮೊಬೈಲ್ ನಕ್ಷೆಯಲ್ಲಿ ಆ ಊರು ತೋರಿಸಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಯಾವುದೋ ಹಳ್ಳಿ ಬಂದರೆ ಅಲ್ಲಿ ಅಜ್ಜಿಮನೆಯೋ ಸೋದರಮಾವನ ಮನೆಯೋ ಇರುವ ಮಗು ಒಂದಾದರೂ ಗುಂಪಿನಲ್ಲಿ ಇರುತ್ತದೆ. ಹೆಸರು ಬರೆದಿಲ್ಲದಿದ್ದರೆ ಅಲ್ಲಿರುವ ಸಿಬ್ಬಂದಿಯನ್ನು ಕೇಳಿ, "ಇದು ಯಾವ ಊರಿಂದ ಬಂದದ್ದು ರೀ?" ಎಂದು. ರಿಜಿಸ್ಟರ್‌ನಲ್ಲಿ ಬಹುತೇಕ ಇರುತ್ತದೆ.